ನಳದ ಹತ್ತಿರ ಕಥೆ ಹೇಳಬಾರದು

ಮೈದಾಹಿಟ್ಟಿನ ಅಂಟು ಒಲೆಯ ಮೇಲೆ ಕುದಿಯುವಾಗ ಬರುವ ವಾಸನೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹುಳ ಹತ್ತದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿದರೆ ಮೂಗಿನಲ್ಲಿ ಸಣ್ಣಗೆ ಕಹಿ ನಿಲ್ಲುತ್ತದೆ. ಮೊನ್ನೆ ಮೊಮ್ಮಗಳ ಶಾಲೆಯ ಪುಸ್ತಕ ಬೆನ್ನು ಬಿಟ್ಟಿತ್ತು. ಅಂಗಡಿಯಿಂದ ಗೋಂದು ತರಿಸೋಣವೆಂದಳು ಸೊಸೆ. ನಾನು ಇನ್ನೂ ಬದುಕಿದ್ದೇನಲ್ಲ ಎಂದು ಗದರಿ, ನಾನೇ ಪಾತ್ರೆ ಇಟ್ಟೆ. ಅಂಟು ಕುದಿಯತೊಡಗಿದ್ದೇ ತಡ, ಸೌಟು ಹಿಡಿದ ಕೈ ಅಲ್ಲೇ ನಿಂತಿತು. ಮಾವಶಿ...

ಮಾವಶಿ ನನ್ನ ತಾಯಿಯ ತಂಗಿಯಲ್ಲ, ಯಾವ ಸಂಬಂಧವೂ ಅಲ್ಲ. ಪುಣೆಯ ಸದಾಶಿವ ಪೇಠದಲ್ಲಿ, ಒಂದೇ ಅಂಗಳದ ಸುತ್ತ ಹಲವು ಮನೆಗಳಿದ್ದ ಆ ವಾಡೆಯಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ನಮ್ಮ ಮನೆಯ ಮೇಲಿನ ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದರು. ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದ. ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡು, ಹಳೆ ಸೀರೆಗಳ ಕೌದಿ ಹೊಲಿಯುತ್ತ ದಿನ ನೂಕುತ್ತಿದ್ದರು. ತವರು ವಿಜಾಪುರದ ಕಡೆ. ಹಾಗಾಗಿ ಆ ವಾಡೆಯಲ್ಲಿ ಕನ್ನಡ ಬಲ್ಲ ಹೆಂಗಸೆಂದರೆ ಅವರೊಬ್ಬರೇ.

ನಾನು ಧಾರವಾಡದ ಕಡೆಯಿಂದ ಮದುವೆಯಾಗಿ ಬಂದವಳು. ಆಗಿನ್ನೂ ಇಂಗ್ರೇಜರ ರಾಜ್ಯ, ನಮ್ಮವರು ಸರಕಾರಿ ಕಚೇರಿಯಲ್ಲಿ ಕಾರಕೂನರು. ಅವರು ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ. ಅತ್ತೆಯಿಲ್ಲ, ನಾದಿನಿಯಿಲ್ಲ, ಜಗಳವಾಡಲಿಕ್ಕಾದರೂ ಒಂದು ಜೀವ ಬೇಡವೇ? ಅಂಗಳದ ನಳದ ಹತ್ತಿರ ಹೆಂಗಸರೆಲ್ಲ ಮರಾಠಿಯಲ್ಲಿ ಹರಟುತ್ತಿದ್ದರು. ಅವರು ನಕ್ಕಾಗ ನಾನೂ ನಗುತ್ತಿದ್ದೆ, ಏನೂ ತಿಳಿಯದೆ. ಒಳಗೆ ಬಂದು ಅಳುತ್ತಿದ್ದೆ. ಅದನ್ನು ಮೇಲಿಂದ ನೋಡಿದ ಮಾವಶಿ ಒಂದು ಮಧ್ಯಾಹ್ನ ಕೆಳಗಿಳಿದು ಬಂದು, "ಅತ್ತರ ಮರಾಠಿ ಬರ್ತದೇನು ತಂಗಿ? ಕೂಡು ಇಲ್ಲೆ," ಎಂದು ಮುಂದೆ ಪುಸ್ತಕ ಹಿಡಿದರು. ನಾನು ಮರಾಠಿ ಅಕ್ಷರ ಕಲಿತದ್ದು ಹಾಗೆ.

ವಾಚನಾಲಯದಿಂದ ವಾಡೆಗೆಲ್ಲ ಸೇರಿ ಒಂದೇ ಪುಸ್ತಕ ಬರುತ್ತಿತ್ತು. ಎಲ್ಲರಿಗೂ ಬೇಕು, ಹಿಂತಿರುಗಿಸುವ ಗಡುವು ಹತ್ತಿರ. ಅದಕ್ಕೆ ಮಾವಶಿ ಒಂದು ಉಪಾಯ ಮಾಡಿದ್ದರು. ಪುಸ್ತಕ ಬಂದ ದಿನವೇ ಹೊಲಿಗೆ ಬಿಚ್ಚಿ, ಅದನ್ನು ಭಾಗ ಭಾಗ ಮಾಡಿ ಮನೆಯಿಂದ ಮನೆಗೆ ಕಳಿಸುತ್ತಿದ್ದರು. ಮೊದಲ ಭಾಗ ಒಂದು ಮನೆಯಲ್ಲಿ ಮುಗಿದರೆ ಪಕ್ಕದ ಮನೆಗೆ, ಅದರ ಹಿಂದೆಯೇ ಎರಡನೆಯದು. ಎಲ್ಲರದೂ ಮುಗಿದ ಮೇಲೆ ಅಂಟು ಕುದಿಸಿ, ದಬ್ಬಣದಿಂದ ಮತ್ತೆ ಹೊಲಿದು ಕೊಡುತ್ತಿದ್ದರು. ವಾಚನಾಲಯದವರಿಗೆ ಇದು ಗೊತ್ತಿತ್ತು. ಈ ವಾಡೆಗೆ ಹೋದ ಪುಸ್ತಕ ಗಟ್ಟಿಯಾಗಿ ಬರುತ್ತದೆ ಎಂದು ಸುಮ್ಮನಿದ್ದರು.

ಆದರೆ ಮಾವಶಿ ತಾವು ಮಾತ್ರ ಬಿಡಿ ಭಾಗಗಳನ್ನು ಓದುತ್ತಿರಲಿಲ್ಲ.

"ಅರ್ಧಾ ಪುಸ್ತಕ ಓದೂದಂದ್ರ ಅರ್ಧಾ ಊಟಕ್ಕ ಎದ್ದಂಗ," ಎನ್ನುತ್ತಿದ್ದರು. "ಹೊಲದು ಮುಗಿಸಿ, ಪೂರಾ ಕೈಯಾಗ ಹಿಡದು ಓದ್ತೀನಿ."

ಹೀಗಾಗಿ ಓದುವ ಸರದಿಯಲ್ಲಿ ಕೊನೆಯವರು ಅವರು. ಅವರಿಗಿಂತ ಮುಂಚೆ, ಅಕ್ಷರ ಕೂಡಿಸಿಕೊಂಡು ತೆವಳುತ್ತಿದ್ದ ನಾನು. ನನ್ನ ಭಾಗ್ಯಕ್ಕೆ ಮೊದಲೆಲ್ಲ ಕಥೆಯ ಕೊನೆ ನಳದ ಹತ್ತಿರವೇ ಕಿವಿಗೆ ಬೀಳುತ್ತಿತ್ತು. ಒಮ್ಮೆ ನಾನು ಮುಖ ಸಣ್ಣದು ಮಾಡಿಕೊಂಡದ್ದನ್ನು ಕಂಡ ಮಾವಶಿ ಕಾಯಿದೆ ಮಾಡಿಬಿಟ್ಟರು: ಈ ಕನ್ನಡದ ಹುಡುಗಿ ಓದಿ ಮುಗಿಸುವ ತನಕ ನಳದ ಹತ್ತಿರ ಯಾರೂ ಕಥೆ ಎತ್ತಬಾರದು. ನಾನು ಕೊಡ ಹಿಡಿದು ಬಂದರೆ ಸಾಕು, ಮಾತು ಹುಳಿ ಸಾರಿಗೆ ತಿರುಗುತ್ತಿತ್ತು. ಎಲ್ಲರಿಗಿಂತ ಬಾಯಿಬಡುಕಿ ಎಂದರೆ ನಾವು ಕಾಕು ಎಂದು ಕರೆಯುತ್ತಿದ್ದ ಎದುರುಮನೆಯ ಹಿರಿಯಾಕೆ. ಅವರಂತೂ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಲ್ಲುತ್ತಿದ್ದರು. ಪರ ಊರಿನಲ್ಲಿ ನಾನೂ ಒಬ್ಬಳಿದ್ದೇನೆ ಎಂದು ನನಗೆ ಅನಿಸಿದ್ದು ಆ ಸುಮ್ಮನಿರುವಿಕೆಯಲ್ಲಿ.

ಆ ವರ್ಷ ಒಂದು ಕಾದಂಬರಿ ಪುಣೆಗೇ ಹುಚ್ಚು ಹಿಡಿಸಿತ್ತು. ಮನೆಯವರೊಡನೆ ಕಾಶಿಗೆ ಹೊರಟ ಸೊಸೆಯೊಬ್ಬಳು ನೀರು ತರಲು ಯಾವುದೋ ಸ್ಟೇಷನ್ನಿನಲ್ಲಿ ಇಳಿಯುತ್ತಾಳೆ, ರೈಲು ಹೊರಟುಬಿಡುತ್ತದೆ. ಅವಳು ಮನೆ ಮುಟ್ಟುತ್ತಾಳೋ ಇಲ್ಲವೋ, ಮುಟ್ಟಿದರೂ ಒಳಗೆ ಕರೆದುಕೊಳ್ಳುತ್ತಾರೋ ಇಲ್ಲವೋ, ಅದೇ ಕಥೆ. ನಮ್ಮವರ ಕಚೇರಿಯಲ್ಲಿ ಸಾಹೇಬನ ಕಣ್ಣು ತಪ್ಪಿಸಿ ಕಾಗದಗಳ ನಡುವೆ ಇಟ್ಟುಕೊಂಡು ಓದುತ್ತಿದ್ದರಂತೆ. ಅಂಗಡಿಗೆ ಬಂದ ಪ್ರತಿಗಳು ಅಂದೇ ಖಾಲಿ. ನಮ್ಮ ವಾಡೆಯ ಸರದಿ ಬರುವಷ್ಟರಲ್ಲಿ ಮಾವಶಿ ಮೆಟ್ಟಿಲಿನಲ್ಲಿ ಕೂತು ದಾರಿ ನೋಡುತ್ತಿದ್ದರು. ಬಂತು, ಬಿಚ್ಚಿದರು, ಹಂಚಿದರು.

ಕೊನೆಯ ಭಾಗ ನನ್ನ ಕೈಗೆ ಬಂದು, ಇನ್ನು ಕೆಲವೇ ಹಾಳೆ ಉಳಿದಿದ್ದ ಬೆಳಿಗ್ಗೆ ಬಾಗಿಲಲ್ಲಿ ಟಾಂಗಾ ನಿಂತಿತು. ಮಾವಶಿಯ ಭಾವ ಬಂದಿದ್ದರು. ಮಾವಶಿ ಒಂದು ಗಂಟು ಕಟ್ಟಿಕೊಂಡು ಮೇಲಿಂದ ಇಳಿದರು.

"ಎಲ್ಲಿಗೆ ಹೊಂಟೀರಿ ಮಾವಶಿ?" ಎಂದೆ.

"ಇಂದಾಪುರಕ್ಕ. ನೆಗೆಣ್ಣಿ ಹಾಸಿಗಿ ಹಿಡದಾಳಂತ. ಮನಿಗೆ ಕೈ ಬೇಕಾಗ್ಯಾವ."

"ತಿರುಗಿ ಯಾವಾಗ ಬರ್ತೀರಿ?"

"ಒಲಿ ಮ್ಯಾಲೆ ಏನರ ಇಟ್ಟೀಯೇನು? ಹೊತ್ತೀತು, ನೋಡು," ಎಂದರು.

ಆ ಮನೆಯಲ್ಲಿ ಕಾದಂಬರಿಯ ಹೆಸರೆತ್ತುವಂತಿರಲಿಲ್ಲ. ಗಂಡ ಸತ್ತವಳಿಗೆ ಕಥೆ ಯಾತಕ್ಕೆ ಎನ್ನುವ ಜನ. ಇನ್ನು ಮುಂದೆ ಅವರ ಕೈಗೆ ಪುಸ್ತಕ ಸಿಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ವಾಡೆಯ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ಕಾದಂಬರಿಯ ಆ ಸೊಸೆ ಮನೆ ಮುಟ್ಟಿದಳೋ ಇಲ್ಲವೋ ಅವರೆಲ್ಲರೂ ಬಲ್ಲರು. ಕಾಕುವಿಗೆ ತಡೆಯಲಾಗಲಿಲ್ಲ, ಟಾಂಗಾದ ಹತ್ತಿರ ಹೋಗಿ ಬಾಯಿ ತೆರೆದರು. ಮಾವಶಿ ನನ್ನ ಕಡೆ ನೋಡಿ, ಕೈಯೆತ್ತಿ ಅವರನ್ನು ತಡೆದರು. ಮರಾಠಿಯಲ್ಲಿ ಅವರಿಗೆ ಬೇಡವೆಂದು ಹೇಳಿ, ನನಗೆ ಕನ್ನಡದಲ್ಲಿ ಹೇಳಿದರು.

"ನೀ ಮುಗಸಾಕ ಬಂದೀ ತಂಗಿ, ಈಗ ಕೆಡಸೂದು ಬ್ಯಾಡ. ನೀನ ಬಂದು ನನಗ ಹೇಳು. ಕಾಗದ ಮಾತ್ರ ಹಾಕಬ್ಯಾಡ, ಭಾವ ಒಡದು ಓದ್ತಾರ."

ದಬ್ಬಣವನ್ನು ನನ್ನ ಕೈಗಿಟ್ಟರು. ಟಾಂಗಾ ಹೋಯಿತು. ಹೆಂಗಸರೆಲ್ಲ ನನ್ನ ಸುತ್ತ ನಿಂತೇ ಇದ್ದರು, ಆಗಲೂ ಒಬ್ಬರೂ ಕಥೆಯ ಮಾತೆತ್ತಲಿಲ್ಲ.

ಅಂದು ಮಧ್ಯಾಹ್ನ ಓದಿ ಮುಗಿಸಿದೆ. ಅಭ್ಯಾಸಬಲದಿಂದ ಮೆಟ್ಟಿಲು ಹತ್ತಿ ಹೋದೆ, ಬಾಗಿಲಿಗೆ ಬೀಗ. ಅಲ್ಲೇ ಕೂತು ಪುಸ್ತಕ ಹೊಲಿದೆ. ಹೊಲಿಗೆ ಸೊಟ್ಟಗೆ ಬಿತ್ತು. ಇಂದಾಪುರಕ್ಕೆ ಕರೆದುಕೊಂಡು ಹೋಗಿರಿ ಎಂದು ನಮ್ಮವರ ಬೆನ್ನು ಬಿದ್ದೆ. "ಒಂದು ಕಥಿ ಹೇಳ್ಲಿಕ್ಕೆ ಇಂದಾಪುರಕ್ಕೇನು?" ಎಂದು ನಕ್ಕರು, ಆಮೇಲೆ ನನ್ನ ಮುಖ ನೋಡಿ ದೀಪಾವಳಿ ಆಗಲಿ ಎಂದರು. ದೀಪಾವಳಿಗೆ ಮುಂಚೆಯೇ ಮಾವಶಿ ತೀರಿಕೊಂಡ ಸುದ್ದಿ ಬಂತು. ಜ್ವರವಂತೆ... ಹೆಚ್ಚಿಗೆ ಯಾರೂ ಹೇಳಲಿಲ್ಲ, ಕೇಳುವ ಹಕ್ಕು ನಮಗೂ ಇರಲಿಲ್ಲ. ಕಾಕು ನಳದ ಹತ್ತಿರವೇ ಕೊಡ ಇಟ್ಟು ಅತ್ತರು. ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು, ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಅದನ್ನೇ ಅನ್ನುತ್ತಿದ್ದರು.

ಆ ಕಾದಂಬರಿ ಆಮೇಲೆ ಎಷ್ಟೋ ಸಲ ಅಚ್ಚಾಯಿತು. ಅದರ ಕೊನೆ ಗೊತ್ತಿಲ್ಲದವರು ಈ ಊರಿನಲ್ಲಿ ಇರಲಿಕ್ಕಿಲ್ಲ. ವಾಡೆ ಬಿದ್ದು ಅಲ್ಲಿ ಬೇರೆ ಕಟ್ಟಡ ಎದ್ದಿದೆ. ನಮ್ಮವರಿಲ್ಲ, ಕಾಕು ಇಲ್ಲ. ಮನೆಯಲ್ಲಿ ಕನ್ನಡ ಮಾತಾಡುವವಳು ನಾನೊಬ್ಬಳೇ ಉಳಿದಿದ್ದೇನೆ, ಅದೂ ಹೆಚ್ಚಾಗಿ ದೇವರ ಮುಂದೆ.

ಅಂಟು ಇಳಿಸಿ, ಅದೇ ದಬ್ಬಣದಿಂದ ಮೊಮ್ಮಗಳ ಪುಸ್ತಕ ಹೊಲಿದೆ. ಈಗ ಹೊಲಿಗೆ ನೆಟ್ಟಗೆ ಬರುತ್ತದೆ. ಬೆನ್ನಿಗೆ ಅಂಟು ಸವರುತ್ತ ಸವರುತ್ತ ಬಾಯಿಂದ ಬಂದೇಬಿಟ್ಟಿತು.

"ಬಂದ್ಲರೀ ಮಾವಶಿ, ಮನೀಗೆ ಬಂದ್ಲು. ಒಳಗ ಕರಕೊಂಡ್ರು."

ಮೊಮ್ಮಗಳು ತಲೆಯೆತ್ತಿ, ಏನಂದೆ ಅಜ್ಜಿ ಎಂದು ಮರಾಠಿಯಲ್ಲಿ ಕೇಳಿದಳು. ಏನೂ ಇಲ್ಲ, ಅಂಟು ಆರುವ ತನಕ ಪುಸ್ತಕ ತೆರೆಯಬೇಡ ಎಂದು ನಾನೂ ಮರಾಠಿಯಲ್ಲೇ ಹೇಳಿದೆ.