ತಿಪ್ಪಮ್ಮ ಕೇಳಿದ ದನಿ

ನ್ಯಾಮತಿಯ ಓಂಕಾರ್ ಹಳೆಯ ಮದುವೆ ಡಿವಿಡಿಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುತ್ತಾನೆ. ಚಿತ್ರ ಚೊಕ್ಕವಾಗಿ ಬರಲೆಂದು ಕಂಪ್ಯೂಟರಿನಲ್ಲಿ ಡಿಸ್ಕನ್ನು ಎರಡೆರಡು ಸಲ ಓದಿಸುವ ಹಟ ಅವನದು. ಧ್ವನಿಯೆಂದರೆ ಮಾತ್ರ ತಾತ್ಸಾರ.

ಸವಳಂಗದ ತಿಪ್ಪಮ್ಮ ಡಿಸ್ಕ್ ತಂದಳು. "ತೀರಿಹೋದ ಮಗಳು ಮದುವ್ಯಾಗೆ ಹಾಡ್ಯಾಳಪ್ಪ. ಆ ದನಿ ಒಂದು ಉಳಿಸಿಕೊಡು."

ಡಿಸ್ಕಿನಲ್ಲಿ ಒಂದೇ ಚಿತ್ರಕ್ಕೆ ಎರಡು ಧ್ವನಿಮುದ್ರಣಗಳಿದ್ದವು. ಮೊದಲನೆಯದು ಆಮೇಲೆ ಸೇರಿಸಿದ ಸಿನಿಮಾ ಹಾಡು, ಎರಡನೆಯದು ಮಂಟಪದಲ್ಲಿ ನಿಜವಾಗಿ ಕೇಳಿಸಿದ್ದು. ಓಂಕಾರ್ ಕೇಳಿಯೂ ನೋಡದೆ, ರೂಢಿಯಂತೆ ಮೊದಲನೆಯದನ್ನೇ ಎಂಪಿತ್ರೀ ಮಾಡಿ ಚಿತ್ರಕ್ಕೆ ಸೇರಿಸಿದ; ಎರಡನೆಯದನ್ನು ಇಳಿಸಿಕೊಳ್ಳಲೇ ಇಲ್ಲ. ಎರಡನೇ ಓದು ಮುಗಿಯುತ್ತಿದ್ದಂತೆ ಬಿರುಕುಬಿಟ್ಟಿದ್ದ ಡಿಸ್ಕ್ ಡ್ರೈವಿನೊಳಗೇ ಒಡೆಯಿತು.

ತಿಪ್ಪಮ್ಮ ಪರದೆ ನೋಡಿದಳು. "ಬಾಯಿ ನನ್ನ ಮಗಳದೈತೆ. ದನಿ ಯಾರದಪ್ಪ?"

"ಚಿತ್ರ ಚೆನ್ನಾಗಿ ಬಂದೈತಲ್ಲಮ್ಮ" ಅಂದ. ಆ ಮಾತಿಗೆ ಅವನ ಕಪಾಳಕ್ಕೆ ಬಾರಿಸಬೇಕಿತ್ತು.

"ಫೋಟೊ ಮನ್ಯಾಗೂ ಐತೆ" ಎಂದು ತಿಪ್ಪಮ್ಮ ಒಡೆದ ಡಿಸ್ಕಿನ ಚೂರುಗಳನ್ನು ಸೆರಗಿಗೆ ಕಟ್ಟಿಕೊಂಡಳು.