ಕರ್ಜಗಿ ರಸ್ತೆಯ ಓಟ

ನಲವತ್ತೈದಕ್ಕೆ ಹೊಟ್ಟೆ ಬಂತು, ಹೊಟ್ಟೆಯ ಹಿಂದೆಯೇ ಹಟವೂ ಬಂತು. ಹಾವೇರಿಯಲ್ಲಿ ನಾನು ಮತ್ತು ಅಣ್ಣ ಸೇರಿ ಪೈಪು, ಪಂಪ್‌ಸೆಟ್ಟಿನ ಅಂಗಡಿ ನಡೆಸುತ್ತೇವೆ. ಬೆಳಗಿನಿಂದ ಸಂಜೆವರೆಗೆ ಕುರ್ಚಿಯ ಸಂಸಾರ. ಒಂದು ದಿನ ತಲೆ ಕೆಟ್ಟು ಜನವರಿಯ ಮ್ಯಾರಥಾನ್ ಒಂದಕ್ಕೆ ಹೆಸರು ಕೊಟ್ಟುಬಿಟ್ಟೆ. ನಲವತ್ತೆರಡು ಕಿಲೋಮೀಟರ್! ಅಲ್ಲಿಯವರೆಗೆ ನಾನು ಓಡಿದ್ದರೆ ಅದು ಬಿಟ್ಟುಹೋಗುವ ಬಸ್ಸಿನ ಹಿಂದೆ ಮಾತ್ರ.

ಅಣ್ಣ ನನಗಿಂತ ಹತ್ತು ವರ್ಷ ದೊಡ್ಡವನು. ಒಂದೇ ಮನೆ, ಒಂದೇ ಅಡುಗೆ. ಓಟಕ್ಕೆಂದು ನಾನು ತಂದ ಹೊಸ ಬೂಟನ್ನು ತಿರುವಿ ಮುರುವಿ ನೋಡಿ ಕೇಳಿದ: "ನಾಯಿ ಬೆನ್ನ ಹತ್ತಿಲ್ಲ, ಪೊಲೀಸ್ರು ಬೆನ್ನ ಹತ್ತಿಲ್ಲ. ಸುಮ್ಮಸುಮ್ಮನ ಯಾಕ ಓಡ್ತಿಯೋ?" ಹಾಗೆಂದವನೇ ಪ್ರತಿ ರವಿವಾರ ನನಗಿಂತ ಮೊದಲು ಎದ್ದು ನನ್ನ ಕೋಣೆಯ ಬಾಗಿಲು ಬಡಿಯುತ್ತಿದ್ದ.

ನಮ್ಮ ಕಡೆ ವಯಸ್ಸಾದ ಗಂಡಸು ರಸ್ತೆಯಲ್ಲಿ ಓಡುತ್ತಿದ್ದಾನೆಂದರೆ ಎಲ್ಲೋ ಏನೋ ಅನಾಹುತ ಆಗಿದೆ ಎಂದೇ ಅರ್ಥ. ಮೊದಲ ರವಿವಾರ ಕರ್ಜಗಿ ರಸ್ತೆಯಲ್ಲಿ ನಾಲ್ಕು ಬೈಕು ನಿಂತವು. "ಯಾರಿಗಿ ಏನಾತ್ರಿ? ಹತ್ರಿ, ಬಿಡ್ತೇನಿ." ಏನೂ ಆಗಿಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದರೆ ನಂಬುವವರಿಲ್ಲ. ಬಸ್ ಡ್ರೈವರ್ ಕೂಡ ಬ್ರೇಕ್ ಹಾಕಿದ, ಕಂಡಕ್ಟರ್ ಬಾಗಿಲು ತೆಗೆದು ಕಾದ. ಯಾರೋ ಪುಣ್ಯಾತ್ಮರು ಮನೆಗೂ ಫೋನ್ ಮಾಡಿದ್ದರು: ನಿಮ್ಮವರು ಚಡ್ಡಿಯ ಮೇಲೆ ಓಡಾಕತ್ತಾರ, ಮನಿಯಾಗ ಎಲ್ಲಾ ಅರಾಮ ಅದೀರಿ?

ಇನ್ನೊಂದು ಸಲ ಬ್ಯಾಡಗಿಯ ಕಡೆ ಓಡಿದೆ. ಅದು ಹೆಂಡತಿಯ ತವರು. ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟಿದ್ದ ಟೆಂಪೋದವನು ನನ್ನನ್ನು ನೋಡಿ, ನನಗಿಂತ ಮೊದಲೇ ಊರು ಮುಟ್ಟಿ ಸುದ್ದಿ ಮುಟ್ಟಿಸಿದ್ದ. ಮಾವನವರು ಗಾಬರಿಯಿಂದ ಬೈಕಿನಲ್ಲಿ ಎದುರು ಬಂದರು. "ಅಳಿಯಂದ್ರ, ಮಗಳ ಜೋಡಿ ಜಗಳ ಆತೇನ್ರಿ?" ಆವತ್ತು ಓಟ ಅಲ್ಲಿಗೇ ಮುಗಿಯಿತು. ಮಾವನವರ ಬೈಕು ಹತ್ತದೆ ಗತಿಯಿರಲಿಲ್ಲ. ಉಪ್ಪಿಟ್ಟು, ಮೇಲೆ ಎರಡು ಕಪ್ ಚಹಾ.

ಹೀಗಾಗಿ ನಾನು ಕೈ ಬೀಸುವುದನ್ನು ಕಲಿತೆ. ಗಾಡಿಯ ಸದ್ದು ಕೇಳಿದೊಡನೆ ಕೈ ಎತ್ತಿ, ಮುಂದೆ ಹೋಗಿ ಎಂದು ಬೀಸುವುದು. ಎರಡು ಮೂರು ತಿಂಗಳಲ್ಲಿ ಕರ್ಜಗಿ ರಸ್ತೆಯ ಜನಕ್ಕೂ ಅಭ್ಯಾಸವಾಯಿತು. ಹಾಲಿನವರು, ಬಸ್ಸಿನವರು, ಹೊಲಕ್ಕೆ ಹೋಗುವವರು, ಎಲ್ಲರೂ ಹಾರ್ನ್ ಹೊಡೆದು ಕೈ ಎತ್ತಿ ಸಾಗುತ್ತಿದ್ದರು. ನನಗೆ ಅದು ದೊಡ್ಡ ಹೆಮ್ಮೆ. ಒಂದು ರಸ್ತೆಗೆ ಬುದ್ಧಿ ಕಲಿಸಿದೆ ಎಂದು ಮನೆಯಲ್ಲಿ ಬಡಾಯಿ ಕೊಚ್ಚಿಕೊಂಡದ್ದೂ ಉಂಟು.

ಮ್ಯಾರಥಾನ್‌ಗೆ ಇನ್ನು ಮೂರು ವಾರ. ಆ ರವಿವಾರ ತಯಾರಿಯ ಅತಿ ಉದ್ದದ ಓಟ. ಕರ್ಜಗಿ ದಾಟಿ ಹೊಸರಿತ್ತಿಯ ಕಡೆ ಒಂದಷ್ಟು ಹೋಗಿ ಮರಳುತ್ತಿದ್ದೆ. ಊರು ಇನ್ನೂ ಒಂಬತ್ತು ಕಿಲೋಮೀಟರ್ ಇರುವಾಗ ಹೆಂಡತಿಯ ಫೋನ್ ಬಂತು.

"ಭಾವಾರ ಮಾರಿ ಸೊಟ್ಟ ಆಗೇತ್ರಿ. ಬಲಗೈ ಎತ್ತಾಕ ಬರವಲ್ದು. ಅಕ್ಕಾರು ಅಂಬುಲೆನ್ಸ್ ಕರಿಯೂಣು ಅನ್ನಾಕತ್ತಾರ."

ಭಾವಾರು ಎಂದರೆ ನನ್ನ ಅಣ್ಣ, ಅಕ್ಕಾರು ಎಂದರೆ ನಮ್ಮ ವೈನಿ, ಅಣ್ಣನ ಹೆಂಡತಿ. ಮನೆಯಲ್ಲಿ ಕಾರು ಓಡಿಸಲು ಬರುವುದು ನನಗೊಬ್ಬನಿಗೇ. ಆ ಹೊತ್ತಿಗೆ ಆ ರಸ್ತೆಯಲ್ಲಿ ಗಾಡಿಗೇನು ಬರ? ಮೊದಮೊದಲು ಬೇಡ ಬೇಡವೆಂದರೂ ನಿಂತ ಗಾಡಿಗಳು! ನಾನು ಹೇಳಿದೆ: "ಬ್ಯಾಡ. ಹತ್ತ ನಿಮಿಷದಾಗ ಬರ್ತೇನಿ, ಕಾರಿನ್ಯಾಗ ಲಗೂ ಹೋಗೂಣು. ತಡೀರಿ." ಆ ಮಾತನ್ನು ಯಾರೂ ನನ್ನ ಬಾಯಿಂದ ಕಿತ್ತು ಹೇಳಿಸಲಿಲ್ಲ. ನಾನೇ ಹೇಳಿದೆ.

ಮೊದಲು ಹಾಲಿನವನ ಬೈಕು ಬಂತು. ಕೈ ಬೀಸಿದೆ. ಅವನೂ ಬೀಸಿದ. "ಓಡ್ರಿ, ಓಡ್ರಿ!" ಎನ್ನುತ್ತ ಹೋದ. ಬಸ್ಸು ಬಂತು. ಎರಡೂ ಕೈ ಎತ್ತಿ ಕೂಗಿದೆ. ಕಂಡಕ್ಟರ್ ಕಿಟಕಿಯಿಂದ ತಾನೂ ಎರಡೂ ಕೈ ಎತ್ತಿ ನಕ್ಕ. ಟೆಂಪೋದಲ್ಲಿ ನಿಂತ ಹೆಂಗಸರು ಚಪ್ಪಾಳೆ ತಟ್ಟಿದರು. ರಸ್ತೆಯ ನಡುವೆ ನಿಂತರೆ ಬಳಸಿಕೊಂಡು ಹೋದರು. ನಡುವೆ ಎರಡು ಸಲ ಫೋನ್ ಬಂತು, ಎರಡೂ ಸಲ "ಬಂದೆ, ಬಂದೆ" ಎಂದೆ. ಕಾಲು ಓಡುತ್ತಲೇ ಇತ್ತು. ಎಷ್ಟು ಓಡಿದರೂ ಊರು ಹತ್ತಿರ ಬರಲಿಲ್ಲ. ಮನುಷ್ಯನ ಕಾಲು ಎಂಥ ನಿಧಾನದ್ದು ಎಂದು ಅಂದು ತಿಳಿಯಿತು. ನಾನು ರಸ್ತೆಯಲ್ಲೇ ಅಳತೊಡಗಿದ್ದೆ, ಅಳುತ್ತ ಓಡಿದರೆ ಉಸಿರು ಸಾಲುವುದಿಲ್ಲ.

ಕೊನೆಗೆ ನಿಂತವನು ಈ ರಸ್ತೆಗೆ ಹೊಸಬ, ಪರವೂರಿನ ಕಾರಿನವನು. ಮನೆ ಮುಟ್ಟಿದಾಗ ಬಾಗಿಲಿಗೆ ಬೀಗ. ಕಾದು ಕಾದು ಸಾಕಾಗಿ ಪಕ್ಕದ ಮನೆಯವರ ಗಾಡಿಯಲ್ಲಿ ಅಣ್ಣನನ್ನು ಕರೆದೊಯ್ದಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಯಾವಾಗ ಶುರುವಾಯಿತೆಂದು ಕೇಳಿ, ಗಡಿಯಾರ ನೋಡಿ, "ಇನ್ನೊಂದು ಅರ್ಧ ತಾಸು ಮೊದಲ ಬಂದಿದ್ರ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಅಲ್ಲಿಂದ ಹುಬ್ಬಳ್ಳಿಗೆ ಹೋದೆವು. ಅಣ್ಣ ಉಳಿದ. ಅವನ ಬಲಗೈ ಮತ್ತು ಮಾತು ಉಳಿಯಲಿಲ್ಲ.

ಮ್ಯಾರಥಾನ್‌ನ ದಿನ ನಾನು ಅವನ ಗಡ್ಡ ಹೆರೆಯುತ್ತಿದ್ದೆ. ಈಗ ವಾರಕ್ಕೆರಡು ಸಲ ರಾಣೆಬೆನ್ನೂರಿಗೆ ಮಾತು ಕಲಿಸುವವರ ಹತ್ತಿರ ಕರೆದೊಯ್ಯುತ್ತೇನೆ. ಕನ್ನಡಿಯ ಮುಂದೆ ಕೂರಿಸಿ ಆ, ಊ ಎನ್ನಿಸುತ್ತಾರೆ. ಊರನ್ನೆಲ್ಲ ನಗಿಸುತ್ತಿದ್ದವನು ಒಂದು ಊ ಎನ್ನಲು ಬೆವರುತ್ತಾನೆ. ಪಕ್ಕದಲ್ಲಿ ಕೂತು ನಾನೂ ಬಾಯಿ ತೆರೆಯುತ್ತೇನೆ. ಮಾಡಲು ಬೇರೆ ಏನೂ ಇಲ್ಲ.

ಆ ಬೆಳಗಿನ ಬಗ್ಗೆ ವೈನಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ದಿನಾ ನನಗೇ ಮೊದಲು ತಟ್ಟೆ ಹಾಕುತ್ತಾಳೆ.

ಮೊನ್ನೆ ಬ್ಯಾಡಗಿಯಿಂದ ಮಾವನವರು ಅಣ್ಣನನ್ನು ಮಾತಾಡಿಸಲು ಬಂದರು. ಮಾತಿನ ಮಧ್ಯೆ ಕೇಳಿದರು: "ದವಾಖಾನಿಗೆ ಲಗೂ ಒಯ್ದಿದ್ರಿಲ್ಲೋ?" ವೈನಿ ಮುಂದೆ ಬಂದು, "ಹೂನ್ರಿ, ಲಗೂನ ಒಯ್ದ್ವಿ. ಯಾರೂ ತಡಾ ಮಾಡ್ಲಿಲ್ಲ" ಎಂದಳು.

ಅವರು ಹೋದ ಮೇಲೆ ಅಡುಗೆಮನೆಗೆ ಹೋದೆ. "ವೈನಿ, ಯಾಕ ಸುಳ್ಳ ಹೇಳಿದ್ರಿ? ತಡೀರಿ ಅಂದಾಂವ ನಾನು."

ಅವಳು ಒಲೆಯಿಂದ ಚಹಾ ಇಳಿಸಿದಳು. ನಾನು ಶಾಲೆಗೆ ಹೋಗುತ್ತಿದ್ದಾಗ ಈ ಮನೆಗೆ ಬಂದವಳು, ಇಂದಿಗೂ ನನ್ನನ್ನು ತಮ್ಮಾ ಎಂದೇ ಕರೆಯುತ್ತಾಳೆ.

"ನೀ ಅಂದದ್ದಕ್ಕ ನಾ ಕುಂತಿದ್ದಿಲ್ಲ, ತಮ್ಮಾ. ಅಂಬುಲೆನ್ಸಿಗೆ ಫೋನ್ ಹಚ್ಚಾಕತ್ತಿದ್ದೆ. ನಿಮ್ಮಣ್ಣ ನನ್ನ ಕೈ ಹಿಡದು, ‘ತಡೀ, ಅಂವ ಬರ್ತಾನ’ ಅಂದ್ರು. ಅದರ ಹಿಂದ ಮತ್ತೊಂದು ಮಾತು ಅವರ ಬಾಯಿಂದ ಬರ್ಲಿಲ್ಲ. ಆ ಮಾತು ತಪ್ಪಾತು ಅಂತ ನಾ ಮಂದಿ ಮುಂದ ಹ್ಯಾಂಗ ಹೇಳ್ಲಿ?"