ಅವನಿಗೆಂದು ಬಡಿದ ಕಡಕ ರೊಟ್ಟಿ

ಮೊಮ್ಮಗನನ್ನು ಮನೆಗೆ ಕಳಿಸಿದರು. ಎಷ್ಟು ಮಂದಿಗೆ ಹೇಳಿದರೂ ನನಗೆ ಹೊಟ್ಟೆ ತುಂಬುತ್ತಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಅವನಿಗೆ ಹದಿನಾರು. ಇಂಡಿ ಕಡೆಯ ನಿಂಬೆ ತೋಟವೊಂದರಲ್ಲಿ ಗೆಳೆಯರ ಜೊತೆ ಬೋರಿನ ವೈರು ಕದಿಯಲು ಹೋಗಿ, ತಡೆಯಲು ಬಂದ ತೋಟದವನ ಕೈ ಮುರಿಯುವಂತೆ ಬಡಿಗೆ ಬೀಸಿದ್ದ. ಸುಳ್ಳಲ್ಲ, ಬೀಸಿದವನು ಇವನೇ. ಪೊಲೀಸರು ವಿಜಯಪುರಕ್ಕೆ ಒಯ್ದು ಹುಡುಗರ ಹೋಮಿನಲ್ಲಿ ಇಟ್ಟರು. ಮೂರು ವರ್ಷದವರೆಗೂ ಇಡಬಹುದು ಎಂದು ವಕೀಲರು ಹೇಳಿದರು. ಮೀಸೆ ಮೂಡುವ ಮೊದಲೇ ಒಳಗೆ ಹೋದವನು ಯಾರಾಗಿ ಹೊರಗೆ ಬರುತ್ತಾನೋ ಎಂಬ ಅಂಜಿಕೆ.

ತೀರ್ಪಿನ ಹಿಂದಿನ ದಿನ ರೊಟ್ಟಿ ಬಡಿಯಲು ಕುಳಿತೆ. ದೂರ ಹೋಗುವವರಿಗೆ ನಮ್ಮಲ್ಲಿ ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಕಡಕಾಗಿ ಒಣಗಿಸಿ ಕಟ್ಟಿಕೊಡುತ್ತೇವೆ, ಬಹುದಿನ ಕೆಡುವುದಿಲ್ಲ. ಸೊಸೆ ಒಲೆಯ ಹತ್ತಿರ ಬಂದು ನಿಂತಳು.

"ಯಾರಿಗಿ ಅತ್ತಿ, ಇಷ್ಟ ಕಡಕ ರೊಟ್ಟಿ?"

"ಇರ್ಲಿ ಬಿಡವಾ. ಇಟ್ಟರ ಏನ್ ಕೆಡತೈತಿ?"

"ಇನ್ನೂ ಯಾರೂ ಏನೂ ಹೇಳಿಲ್ಲ. ನೀವ ಅವನ್ನ ಕಳಿಸಾಕತ್ತೀರಿ."

ಅವಳ ಮಾತು ಸರಿಯೇ. ಆದರೂ ಬಡಿಯುತ್ತಲೇ ಇದ್ದೆ.

ಮರುದಿನ ಸಿಂದಗಿಯಿಂದ ಬಸ್ಸು ಹತ್ತಿ, ರೊಟ್ಟಿಯ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕುಳಿತೆ. ವಿಜಯಪುರದ ಮಕ್ಕಳ ನ್ಯಾಯ ಮಂಡಳಿಯ ಕೋಣೆಯಲ್ಲಿ ತೀರ್ಪು ಕೊಡುವ ಮೇಡಂ ಅವರ ಕಣ್ಣು ಅದರ ಮೇಲೆ ಬಿತ್ತು.

"ಅಜ್ಜಿ, ಗಂಟಿನ್ಯಾಗ ಏನೈತಿ?"

"ರೊಟ್ಟಿ ರೀ. ನೀವು ಹುಡುಗನ್ನ ಇಟ್ಕೊಂಡ್ರ ತಿನ್ನಾಕ."

ಮೊಮ್ಮಗ ತಲೆ ಎತ್ತಿ ಗಂಟನ್ನು ನೋಡಿದ. ಅವನ ಮುಖ ಬಿಳಿಚಿತು. ಅಜ್ಜಿಯಾದ ನನ್ನನ್ನು ಅವನು ಆಯಿ ಎನ್ನುತ್ತಾನೆ; 'ಆಯಿಯೂ ನನ್ನನ್ನು ಬಿಟ್ಟುಕೊಟ್ಟಳು' ಎಂದುಕೊಂಡನೇನೋ. ಗಂಟನ್ನು ಕಿಟಕಿಯಿಂದಾಚೆ ಎಸೆಯಬೇಕೆನಿಸಿತು.

ಮೇಡಂ ತೀರ್ಪನ್ನು ಬಹಳ ಹೊತ್ತು ಓದಿದರು. ನನಗೆ ತಿಳಿದದ್ದು ಇಷ್ಟು: ಮನೆಯಲ್ಲೇ ಇರಬೇಕು, ಶಾಲೆಗೆ ಹೋಗಬೇಕು, ತಿಂಗಳಿಗೊಮ್ಮೆ ಅಧಿಕಾರಿಗೆ ಮುಖ ತೋರಿಸಬೇಕು. ಮತ್ತೆ ತಪ್ಪಿದರೆ ಹೋಮು. ಆ ಕೊನೆಯ ಮಾತು ಈಗಲೂ ಕಿವಿಯಲ್ಲಿದೆ.

"ರೊಟ್ಟಿ ಮನಿಗಿ ಒಯ್ರಿ ಅಜ್ಜಿ," ಎಂದರು. "ಹುಡುಗನ್ನೂ."

ಸಂಜೆ ಮುದ್ದೇಬಿಹಾಳದಿಂದ ಒಬ್ಬ ಮಗಳು, ಬಾಗೇವಾಡಿಯಿಂದ ಇನ್ನೊಬ್ಬಳು ಬಂದಿಳಿದರು. ಎಲ್ಲರೂ ಸುತ್ತ ಕುಳಿತ ಮೇಲೆ ಸೊಸೆ ಗಂಟು ತಂದು ನನ್ನ ಮುಂದಿಟ್ಟಳು.

"ರೊಟ್ಟಿ ಬಡದವರ ಬಿಚ್ಚರಿ."

ಬಿಚ್ಚಿದೆ. ನಂಚಿಕೊಳ್ಳಲು ಶೇಂಗಾ ಹಿಂಡಿ, ಮೊಸರು, ರೊಟ್ಟಿ ಮುರಿಯುವ ಸಪ್ಪಳ. ನಾಲ್ಕು ರೊಟ್ಟಿ ನಾಳೆಗೆಂದು ತೆಗೆದಿಡಲು ಹೋದೆ. ಮೊಮ್ಮಗ ನನ್ನ ಕೈ ಹಿಡಿದ.

"ಬ್ಯಾಡ ಆಯಿ. ಒಂದೂ ಉಳಿಸಬ್ಯಾಡ."

ಹಲ್ಲಿಲ್ಲದ ನಾನೂ ಮೊಸರಿನಲ್ಲಿ ನೆನೆಸಿಕೊಂಡು ತಿಂದೆ, ಎಲ್ಲ ಮುಗಿಯುವವರೆಗೆ.